ಬಟ್ಟೆ ಗ್ರೋ ಬ್ಯಾಗ್‌ನಲ್ಲಿ ಬೀನ್ಸ್: ಚೀಲಕ್ಕಿಂತ ಹಿಡಿಯೇ ಮುಖ್ಯ

ಬೇಸಿಗೆ ಚಿಕ್ಕದಾಗಿರುವ ಕಡೆ ತರಕಾರಿ ಬೆಳೆಯುವವರು ಮೊದಲು ನೋಡುವುದೇ ಕ್ಯಾಲೆಂಡರ್. ವಸಂತದ ಕೊನೆಯ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವಂಥ ಚಳಿ) ಕಳೆದು, ಮುಂದಿನ ಫ್ರಾಸ್ಟ್ ಬರುವುದರೊಳಗೆ ಮೂರು ತಿಂಗಳು ಸಿಕ್ಕರೆ ಪುಣ್ಯ. ಬೀನ್ಸ್‌ಗೆ ಚಳಿ ಸ್ವಲ್ಪವೂ ಆಗುವುದಿಲ್ಲ. ಒಂದೇ ರಾತ್ರಿ ಸೊನ್ನೆಗಿಂತ ಕೆಳಗೆ ಹೋದರೂ ಸಾಕು, ಬೆಳಗ್ಗೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತು ಬಿದ್ದಿರುತ್ತವೆ. ನನ್ನದು ಬಾಲ್ಕನಿ ತೋಟ, ನೆಲ ಇಲ್ಲ. ಹಾಗಾಗಿ 20 ಲೀಟರಿನ ಕಪ್ಪು ಬಟ್ಟೆ ಗ್ರೋ ಬ್ಯಾಗ್‌ಗಳನ್ನು ತರಿಸಿಕೊಂಡೆ. ಕಂಪನಿಯ ಹೆಸರು ಹೇಳುವುದಿಲ್ಲ. ಈ ಚೀಲಗಳೆಲ್ಲ ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ, ವ್ಯತ್ಯಾಸ ಇರುವುದು ಹೊಲಿಗೆಯಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ಬಟ್ಟೆ ಅಂದರೆ ನೇಯ್ದ ಬಟ್ಟೆ ಅಲ್ಲ, ಒತ್ತಿ ಮಾಡಿದ ಫೆಲ್ಟ್. ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ನನ್ನದು 300. ಮಣ್ಣು ತುಂಬಿದರೆ ತಾನೇ ನೆಟ್ಟಗೆ ನಿಲ್ಲುತ್ತದೆ. ಇದಕ್ಕಿಂತ ತೆಳು ಇದ್ದಿದ್ದರೆ ಬದಿಗಳು ಉಬ್ಬಿಕೊಂಡು ಸೊಟ್ಟಗಾಗುತ್ತಿತ್ತೇನೋ.

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಬೇರಿನ ಮಾತು. ಬೇರು ಚೀಲದ ಅಂಚಿಗೆ ಬಂದಾಗ ಗಾಳಿ ತಾಗಿ ತುದಿ ಒಣಗುತ್ತದೆ, ಒಳಗಡೆ ಹೊಸ ಕವಲು ಬೇರು ಬರುತ್ತವೆ, ಕುಂಡದಲ್ಲಿ ಆಗುವ ಹಾಗೆ ಸುತ್ತಿಕೊಳ್ಳುವುದಿಲ್ಲ ಅಂತ. ನಿಜವೇ. ಆದರೆ ಎರಡು ಮೂರು ತಿಂಗಳಲ್ಲಿ ಮುಗಿದುಹೋಗುವ ಬೀನ್ಸ್ ಗಿಡಕ್ಕೆ ಅದರಿಂದ ಎಷ್ಟು ಲಾಭ? ವರ್ಷಗಟ್ಟಲೆ ಒಂದೇ ಕುಂಡದಲ್ಲಿರುವ ನಿಂಬೆ ಗಿಡಕ್ಕಾದರೆ ಸರಿ. ನಮಗೆ ಕೆಲಸಕ್ಕೆ ಬರುವುದು ನೀರು ಬಸಿಯುವ ಗುಣ. ತಣ್ಣಗಿನ ಮಣ್ಣಿನಲ್ಲಿ ನೀರು ನಿಂತರೆ ಬೀನ್ಸ್ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಈ ಚೀಲದಲ್ಲಿ ಎಷ್ಟೇ ಮಳೆ ಬಂದರೂ ನೀರು ನಿಲ್ಲಲಿಲ್ಲ.

ಎರಡನೇ ಮಾತು, 'ಮಣ್ಣು ಬೇಗ ಬೆಚ್ಚಗಾಗುತ್ತದೆ' ಅನ್ನುವುದು. ಇದನ್ನು ನಾನು ಸುಮ್ನೆ ಒಪ್ಪಲಿಲ್ಲ. ಅದೇ ಅಳತೆಯ ಕಪ್ಪು ಪ್ಲಾಸ್ಟಿಕ್ ಕುಂಡವೊಂದನ್ನು ಪಕ್ಕದಲ್ಲಿಟ್ಟು, ಎರಡಕ್ಕೂ ಅಡುಗೆಮನೆಯ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದೆ. ಮಣ್ಣು ಕನಿಷ್ಠ 16 ಡಿಗ್ರಿ ಸೆಲ್ಸಿಯಸ್ ಆದ ಮೇಲೆ ಬೀಜ ಹಾಕಬೇಕು. 20 ದಾಟಿದರೆ ಇನ್ನೂ ಚುರುಕಾಗಿ ಮೊಳೆಯುತ್ತದೆ. ಬಿಸಿಲಿನ ದಿನಗಳಲ್ಲಿ ಮೊದಲು ಅಲ್ಲಿಗೆ ಮುಟ್ಟುತ್ತಿದ್ದದ್ದು ಪ್ಲಾಸ್ಟಿಕ್ ಕುಂಡ! ಕಾರಣ ಸರಳ. ಬಟ್ಟೆಯ ಬದಿಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಹೋಗುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಕಪ್ಪು ಬಣ್ಣದಿಂದ ಬಂದದ್ದು ಒದ್ದೆ ಬಟ್ಟೆಯಿಂದ ಹೋಯಿತು ಅನ್ನಿ.

ಹಾಗಂತ ಚೀಲವನ್ನು ಮೂಲೆಗೆ ಎಸೆಯಬೇಕಿಲ್ಲ. ವಸಂತದಲ್ಲಿ ಚೀಲದ ಸುತ್ತ ಹಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟುತ್ತೇನೆ. ತಳವನ್ನು ಮಾತ್ರ ಮುಚ್ಚುವುದಿಲ್ಲ, ನೀರು ಇಳಿಯಬೇಕಲ್ಲ. ಮೇಲೆ ಒಂದು ಪಾರದರ್ಶಕ ಹಾಳೆ. ಮೊಳಕೆ ಕತ್ತೆತ್ತಿದ ತಕ್ಷಣ ಮೇಲಿನದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಒಳಗೇ ಬೆಂದುಹೋಗುತ್ತದೆ. ಸೆಕೆ ಶುರುವಾದಾಗ ಸುತ್ತಿದ್ದನ್ನೂ ಬಿಚ್ಚುತ್ತೇನೆ. ಆಗ ಅದೇ ಬಟ್ಟೆ ತಂಪು ಕೊಡುತ್ತದೆ. ಬಿಸಿಲು 32 ಡಿಗ್ರಿ ದಾಟಿದರೆ ಬೀನ್ಸ್ ಹೂವು ಉದುರಿಸಲು ಶುರು ಮಾಡುತ್ತದೆ, ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರಿಗೂ ಕಾವು ತಟ್ಟುತ್ತದೆ. ಚಿಕ್ಕ ಬೇಸಿಗೆಯಲ್ಲೂ ಅಂಥ ಒಂದು ವಾರ ಬಂದೇ ಬರುತ್ತದೆ, ಅದೂ ಗಿಡ ಹೂ ಬಿಟ್ಟಿರುವಾಗಲೇ.

ಚೀಲದ ದೊಡ್ಡ ದೋಷ ನೀರು. ಎಷ್ಟು ಹಾಕಿದರೂ ಸಾಲದು. ಸೆಕೆಯ ದಿನಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಬಟ್ಟೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲೇ ಇಳಿದುಹೋಗುತ್ತದೆ, ನಡುವಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರು ಬಿಟ್ಟು ಚೀಲವನ್ನು ಅದರಲ್ಲಿ ಕೂರಿಸಿದರೆ ಕೆಳಗಿಂದ ಹೀರಿಕೊಳ್ಳುತ್ತದೆ. ಮಣ್ಣು ನೆನೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಇನ್ನೊಂದು ವಿಷಯ: ಗಡಸು ನೀರು ಹಾಕುವವರಿಗೆ ಚೀಲದ ಹೊರಮೈಯಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ಬೂಸ್ಟು ಅಂತ ಗಾಬರಿ ಬೇಡ, ನೀರು ಆವಿಯಾಗಿ ಉಳಿದ ಲವಣ ಅದು.

ಈಗ ಹಿಡಿಗಳ ವಿಷಯ. ನನ್ನ ಲೆಕ್ಕದಲ್ಲಿ ದುಡ್ಡು ಕೊಡಬೇಕಾದ್ದೇ ಇದಕ್ಕೆ. ಒದ್ದೆ ಮಣ್ಣಿನ 20 ಲೀಟರ್ ಚೀಲ 15 ಕಿಲೋ ದಾಟುತ್ತದೆ. ಉರುಟು ಕುಂಡವನ್ನು ತಬ್ಬಿಕೊಂಡು ಎತ್ತುವುದಕ್ಕೂ ಎರಡು ಹಿಡಿ ಹಿಡಿದು ಎತ್ತುವುದಕ್ಕೂ ಸೊಂಟಕ್ಕೆ ಗೊತ್ತು ವ್ಯತ್ಯಾಸ. ವಸಂತದಲ್ಲಿ ಹಗಲು ಹೊರಗೆ, ರಾತ್ರಿ ಒಳಗೆ. ಶರತ್ಕಾಲದಲ್ಲಿ ಇದರ ಉಪಯೋಗ ಇನ್ನೂ ಜಾಸ್ತಿ. ಮೊದಲ ಫ್ರಾಸ್ಟ್ ಬಿದ್ದ ಮೇಲೂ ಎಷ್ಟೋ ಸಲ ಒಂದೆರಡು ವಾರ ಹದವಾದ ಬಿಸಿಲು ಇರುತ್ತದೆ ಅಲ್ವಾ? ಆ ಒಂದು ರಾತ್ರಿ ಚೀಲವನ್ನು ಒಳಗಿಟ್ಟರೆ ಗಿಡದಲ್ಲಿದ್ದ ಎಳೆ ಕಾಯಿಗಳೆಲ್ಲ ಬಲಿಯಲು ಸಮಯ ಸಿಗುತ್ತದೆ. ನೆಲದಲ್ಲಿ ಬೆಳೆದವರು ಹೊದಿಕೆ ಹುಡುಕುತ್ತಾ ಓಡಾಡಬೇಕು.

ಆದರೆ ಒಂದು ಚೀಲದ ಹಿಡಿ ಎತ್ತುವಾಗಲೇ ಕಿತ್ತು ಬಂತು. ಹಿಡಿಯ ಪಟ್ಟಿಯನ್ನು ಬಾಯಂಚಿನ ಹತ್ತಿರ ಒಂದೇ ಸಾಲು ಹೊಲಿಗೆ ಹಾಕಿ ಕೂರಿಸಿದ್ದರು. ಫೆಲ್ಟ್ ಅಲ್ಲೇ ಹರಿದಿತ್ತು. ಮಾರಿದವರಿಗೆ ಬರೆದರೆ ಫೋಟೋ ಕೇಳಿದರು, ಕಳಿಸಿದೆ. ಮುಂದಿನ ಖರೀದಿಗೆ ಅಂತ ಕೂಪನ್ ಕಳಿಸಿದರು! ಹರಿದ ಚೀಲಕ್ಕೆ ಕೂಪನ್ ಕಟ್ಟಿಕೊಂಡು ಎತ್ತಲಿ ಅಂತ ಇರಬೇಕು. ಉಳಿದ ಚೀಲಗಳಲ್ಲಿ ಪಟ್ಟಿ ಚೀಲದ ಅರ್ಧದವರೆಗೆ ಇಳಿದಿದೆ, ತುದಿಯಲ್ಲಿ ಚೌಕ ಹೊಲಿದು ಒಳಗೆ ಅಡ್ಡಡ್ಡ ಗೀಟು ಹಾಕಿದ್ದಾರೆ. ಅವು ಗಟ್ಟಿ. ಒಂದೇ ಕಟ್ಟಿನಲ್ಲಿ ಎರಡು ತರದ ಹೊಲಿಗೆ ಯಾಕೆ ಬಂತೋ.

ಇದರಲ್ಲಿ ಯಾವ ಬೀನ್ಸ್ ಹಾಕಬೇಕು ಅಂದರೆ, ಗಿಡ ಬೀನ್ಸ್. ಬಿತ್ತಿ 50–55 ದಿನಕ್ಕೆ ಕಾಯಿ ಬರುವ ತಳಿಗಳು. ಪ್ರೊವೈಡರ್ ತಳಿಗೆ ತಣ್ಣನೆಯ ಮಣ್ಣಿನಲ್ಲೂ ಮೊಳೆಯುತ್ತದೆ ಅನ್ನುವ ಹೆಸರಿದೆ. ನೇರಳೆ ಕಾಯಿಯ ರಾಯಲ್ ಬರ್ಗಂಡಿ ಕೂಡ ಹಾಗೇ. ಎಲೆಗಳ ನಡುವೆ ಅದು ಎದ್ದು ಕಾಣುವುದರಿಂದ ಕೊಯ್ಯುವಾಗ ಒಂದೂ ತಪ್ಪುವುದಿಲ್ಲ. ಬೇಯಿಸಿದರೆ ಹಸಿರಾಗುತ್ತದೆ, ಮಕ್ಕಳಿಗೆ ಮ್ಯಾಜಿಕ್ ತೋರಿಸಬಹುದು. 20 ಲೀಟರ್ ಚೀಲಕ್ಕೆ ಐದಾರು ಗಿಡ ಸಾಕು, ಬೀಜ ಒಂದು ಇಂಚು ಆಳ. ಬೇರೆಡೆ ಸಸಿ ಮಾಡಿ ಕಿತ್ತು ನೆಡಬೇಡಿ, ಬೇರು ಅಲುಗಿದರೆ ಬೀನ್ಸ್ ಮುನಿಸಿಕೊಳ್ಳುತ್ತದೆ. ಸಾರಜನಕ ಜಾಸ್ತಿ ಇರುವ ಗೊಬ್ಬರ ಸುರಿದರೆ ಬರೀ ಎಲೆ. ಸ್ವಲ್ಪ ಕಾಂಪೋಸ್ಟ್ ಸಾಕು. ಕಾಯಿ ಶುರುವಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು. ಕಾಯಿ ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಬಳ್ಳಿ ಬೀನ್ಸ್‌ಗೆ ಈ ಚೀಲ ಬೇಡ. ಕೋಲು ಚುಚ್ಚಿದರೆ ಫೆಲ್ಟ್ ಆಧಾರ ಕೊಡುವುದಿಲ್ಲ, ಗಾಳಿಗೆ ಇಡೀ ಚೀಲವೇ ವಾಲುತ್ತದೆ. ಚಪ್ಪರ ಕಟ್ಟಿದ ಮೇಲೆ ಒಳಗೆ ಎತ್ತಿಡುವುದು ಎಲ್ಲಿಂದ ಬಂತು? ಕಾಯಿಯೂ ಗಿಡ ಬೀನ್ಸ್‌ಗಿಂತ ತಡವಾಗಿ ಬರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಿಡಿ ಹರಿಯದೆ ಇದ್ದಿದ್ದರೆ ನಾಲ್ಕೂವರೆ. ಚಳಿಗಾಲದಲ್ಲಿ ಮಣ್ಣು ಸುರಿದು, ಒಣಗಿಸಿ, ಮಡಚಿ ಇಟ್ಟರೆ ಒಂದು ಡ್ರಾಯರ್‌ನಲ್ಲಿ ಎಲ್ಲ ಚೀಲಗಳೂ ಹಿಡಿಯುತ್ತವೆ. ತರಿಸುವವರು 10 ಲೀಟರಿನದಕ್ಕೆ ಹೋಗಬೇಡಿ, ಮಧ್ಯಾಹ್ನದೊಳಗೆ ಒಣಗುತ್ತದೆ. 40 ಲೀಟರಿನದು ಒಬ್ಬರ ಕೈಲಿ ಎತ್ತಲಾಗುವುದಿಲ್ಲ. ಮತ್ತೆ, ಆರ್ಡರ್ ಮಾಡುವ ಮೊದಲು ಹಿಡಿಯ ಹೊಲಿಗೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಆ ಫೋಟೋ ಹಾಕಿಲ್ಲದವರ ಹತ್ತಿರ ನಾನಂತೂ ಇನ್ನು ಕೊಳ್ಳುವುದಿಲ್ಲ.