ವೈರಿಂಗ್ ಕಾಂಡ್ಯೂಟ್ ಪೈಪಿನ ಜಾಯಿಂಟಿಗೆ ಎಂ-ಸೀಲ್ ಅಂಟು ಮೆತ್ತಿ ಹೋಗೋರಿದ್ದಾರೆ, ಹುಷಾರು!

ತೀರ್ಥಹಳ್ಳಿ, ಕೊಪ್ಪ, ಹೊಸನಗರ ಕಡೆ ತೋಟದ ಶೆಡ್ಡಿಗೆ ವೈರಿಂಗ್ ಮಾಡಿಸೋರು ಇದನ್ನೊಂದು ಸಲ ಓದಿ. ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ವೈರ್ ಹಾಯಿಸಿದ್ದ ಪಿವಿಸಿ ಪೈಪನ್ನ ಇಲಿ ಎರಡು ಸಲ ಕಡಿದು ಹಾಕಿತ್ತು. ಈ ಸಲ ಕಬ್ಬಿಣದ ಕಾಂಡ್ಯೂಟೇ ಇರಲಿ ಅಂತ ಶಿವಮೊಗ್ಗದಿಂದ ಒಬ್ಬ ಕಂಟ್ರಾಕ್ಟರನ್ನ ಕರೆಸಿದೆ. 25 ಎಂಎಂ ಪೈಪು. ಡೈ ಹಾಕಿ ಪೈಪಿನ ತುದಿಗೆ ಥ್ರೆಡ್ (ತಿರುಪಿನ ಗೆರೆ) ಕೊಯ್ಯೋಕೆ ಅಂತಲೇ ಜಾಯಿಂಟಿಗೆ 80 ರೂಪಾಯಿ, ಒಟ್ಟು 22 ಜಾಯಿಂಟು. 1760 ಎಣಿಸಿ ಕೊಟ್ಟೆ ಮಾರಾಯ್ರೆ. ಬೇರೆ ಅರ್ತ್ ವೈರ್ ಎಳೀರಿ ಅಂದ್ರೆ, "ಪೈಪೇ ಅರ್ತ್ ಅಲ್ವಾ ಸಾರ್, ದುಡ್ಡು ಜಾಸ್ತಿ ಆಗಿದ್ಯಾ?" ಅಂತ ನಕ್ಕ. ನಾನೂ ನಕ್ಕೆ. ಈಗ ನೆನೆಸಿಕೊಂಡ್ರೆ ಮೈ ಉರಿಯುತ್ತೆ.

ಜುಲೈನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ದಿನ. ನೆಲ ಪೂರ್ತಿ ಒದ್ದೆ, ನಾನು ಬರಿಗಾಲು. ಡ್ರಮ್ಮಿಗೆ ನೀರು ಬಿಡೋಣ ಅಂತ ಮೋಟಾರ್ ಹಾಕಿ ಪೈಪಿಗೆ ಕೈ ಆನಿಸಿದೆ ನೋಡಿ, ಭುಜದವರೆಗೂ ಎಳೆದಂಗಾಯ್ತು. ಹಿಂದಕ್ಕೆ ಬಿದ್ದೆ, ಬಿದ್ದಿದ್ದಕ್ಕೇ ಉಳಿದೆ. ತಾನೇ ಕರೆಂಟು ಕಡಿಯಬೇಕಿದ್ದ ಎಂಸಿಬಿ ಸ್ವಿಚ್ಚು ಮಾತ್ರ ಬೀಳಲಿಲ್ಲ!

ಊರಿನ ಹಳೇ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಮೇನ್ ಆಫ್ ಮಾಡಿ, ಎರಡು ಪೈಪು ಸೇರಿಸೋ ಕಪ್ಲರ್ ಹಿಡಿದು ತಿರುಗಿಸಿದ್ರು. ಎರಡು ಸುತ್ತಿಗೇ ಕೈಗೆ ಬಂತು. ಒಂದು ಕಡೆ ಎರಡೇ ಎರಡು ಸುತ್ತು ಥ್ರೆಡ್ಡು. ಇನ್ನೊಂದು ಕಡೆ ಥ್ರೆಡ್ಡೇ ಇಲ್ಲ, ಎಂ-ಸೀಲ್ ತುಂಬಿ ಮೇಲೆ ಸಿಲ್ವರ್ ಪೇಂಟು! ಗರಗಸದಲ್ಲಿ ಕೊಯ್ದ ಬಾಯಿಗೆ ಅರ ಕೂಡ ತಾಗಿಸಿಲ್ಲ, ಬ್ಲೇಡಿನಂಗೆ ಚೂಪು. ಕೆಂಪು ವೈರಿನ ಸಿಪ್ಪೆ ಅಲ್ಲೇ ಸೀಳಿ ತಾಮ್ರ ಹೊಳೀತಿತ್ತು. ಕರೆಂಟು ಪೈಪಿಗೆ ಇಳಿದಿದೆ, ಮಧ್ಯೆ ಕರೆಂಟು ಹಾಯದ ಎಂ-ಸೀಲ್ ಕೂತ್ಮೇಲೆ ಅರ್ತಿಗೆ ಹೋಗೋದಾದ್ರೂ ಹೇಗೆ, ಎಂಸಿಬಿ ಬೀಳೋದಾದ್ರೂ ಹೇಗೆ? ಪೈಪೇ ಅರ್ತ್ ಅಂದವನು ತಾನೇ ಅರ್ತ್ ಕಡಿದು ಹೋಗಿದ್ದ. ಎಲ್ಲಾ ಬಿಚ್ಚಿಸಿದೆ. 22ರಲ್ಲಿ 17 ಹೀಗೇ. ಹದಿನೇಳು!

ಕಂಟ್ರಾಕ್ಟರಿಗೆ ಫೋನ್ ಮಾಡಿದ್ರೆ, "ಮಲ್ನಾಡ್ ಮಳೆ ಸಾರ್, ಎಂ-ಸೀಲ್ ಹಾಕಿದ್ದಕ್ಕೇ ಒಳಗೆ ನೀರು ಹೋಗಿಲ್ಲ." ಥ್ರೆಡ್ ಎಲ್ಲಪ್ಪಾ ಅಂದೆ. "ಇಷ್ಟು ದಿನ ಮೋಟಾರ್ ಓಡ್ತಲ್ಲ?" ಶಾಕ್ ಹೊಡೀತು ಮಾರಾಯ ಅಂದೆ. "ಬರಿಗಾಲಲ್ಲಿ ಮುಟ್ಟಿ ಅಂತ ನಾನು ಹೇಳಿದ್ನಾ?" ಅಂತಾನೆ. ಕೇಳಿ, ತಪ್ಪು ನಂದಂತೆ!

ವೈರ್ ಎಳೆಯೋ ಮೊದ್ಲೇ ನಿಮ್ಮ ಕೈಯಾರೆ ನಾಲ್ಕು ಕಪ್ಲರ್ ಬಿಚ್ಚಿ ನೋಡಿ. ಥ್ರೆಡ್ ಒಳಗೆ ಪೂರ್ತಿ ಕೂತಿರಬೇಕು. ಪೈಪಿನ ಬಾಯೊಳಗೆ ಬೆರಳು ಸವರಿ, ಗೀರಿದ್ರೆ ರೀಮರ್ ಹಾಕಿಸಿ ನುಣ್ಣಗೆ ಮಾಡಿಸಿ. ಬಾಕ್ಸ್ ಹತ್ರ ಲೋಹಕ್ಕೆ ಲೋಹ ತಾಗೋ ಹಾಗೆ ಪೇಂಟ್ ಕೆರೆದು ಚೆಕ್‌ನಟ್ ಬಿಗಿ ಮಾಡಿಸಿ, ವೈರ್ ಉಜ್ಜದ ಹಾಗೆ ಪೈಪಿನ ಬಾಯಿಗೆ ಬುಷ್ ಕೇಳಿ. ಅರ್ತ್ ವೈರ್ ಬೇರೆ ಎಳೆಸಿ, ಯಾರು ಎಷ್ಟು ನಕ್ಕರೂ ಎಳೆಸಿ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಕಡಿಯೋ ಸ್ವಿಚ್ಚು) ನಾನು ಈಗ ಹಾಕಿಸಿದೀನಿ. ಬುದ್ಧಿ ಬಂದದ್ದು ತಡವಾಗಿ.

ನಿನ್ನೆ ಅವನದೇ ಮೆಸೇಜು: "ಸಾರ್, ಬಾಕಿ 2000 ಯಾವಾಗ ಹಾಕ್ತೀರಿ?"