ಬಡಾವಣೆಯಲ್ಲಿ ರಾಕ್ ಶೋ ಮಾಡುವವರೇ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ರಾಜ್ಯೋತ್ಸವಕ್ಕೋ ವರ್ಷದ ಕೊನೆಗೋ ನಿಮ್ಮ ಬಡಾವಣೆಯಲ್ಲಿ ಅಥವಾ ಅಪಾರ್ಟ್‌ಮೆಂಟಿನಲ್ಲಿ ಊರಿನ ಹುಡುಗ ಹುಡುಗಿಯರ ಬ್ಯಾಂಡ್‌ಗಳನ್ನು ಸೇರಿಸಿ ರಾಕ್ ಶೋ ಮಾಡುವ ಯೋಚನೆ ಇದೆಯಾ? ಹಾಗಾದರೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಆದದ್ದು ನಿಮಗೆ ಗೊತ್ತಿರಲಿ. ಪ್ರತಿವರ್ಷ ಚೆನ್ನಾಗಿಯೇ ನಡೆಯುತ್ತಿದ್ದ ಕಾರ್ಯಕ್ರಮ. ಏಳು ಬ್ಯಾಂಡ್, ಎಲ್ಲರೂ ಒಂದು ರೂಪಾಯಿ ಕೇಳದೆ ನುಡಿಸಲು ಬಂದವರು. ಎರಡನೇ ಬ್ಯಾಂಡಿನ ಗಾಯಕ ಗಿಟಾರ್ ಹಿಡಿದುಕೊಂಡು ಮೈಕಿಗೆ ಬಾಯಿ ಕೊಟ್ಟಾಗ ತುಟಿಗೆ ಶಾಕ್ ಹೊಡೆಯಿತು. ಅದನ್ನು ಸರಿಮಾಡದೆ ಮುಂದುವರಿಸಿದರು. ಮೂರನೇ ಬ್ಯಾಂಡಿನ ನಡುವೆ ಲೈಟುಗಳು ಮಂಕಾದವು, ಅದೇ ಗಳಿಗೆಗೆ ಕೀಬೋರ್ಡಿನ ಅಡಾಪ್ಟರ್ ಮತ್ತು ಎಲ್ಲ ಮೈಕ್, ವಾದ್ಯಗಳ ಸದ್ದನ್ನು ಬೆರೆಸುವ ಮಿಕ್ಸರಿನ ಪವರ್ ಸಪ್ಲೈ ಸುಟ್ಟುಹೋದವು. ಬೇರೆ ಮಿಕ್ಸರ್ ಬರುವಷ್ಟರಲ್ಲಿ ಒಂದು ಗಂಟೆ ಹೋಯಿತು, ಅದರ ಮೇಲೆ ಸನ್ಮಾನ, ಭಾಷಣ. ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿದರು. ಮೂರು ಬ್ಯಾಂಡಿನವರು ಸ್ಟೇಜ್ ಹತ್ತದೆ ವಾಪಸ್ ಹೋದರು.

ಇದರಲ್ಲಿ ಆಕಸ್ಮಿಕ ಅನ್ನುವಂಥದ್ದು ಯಾವುದೂ ಇಲ್ಲ. ನುಡಿಸುವವರು ದುಡ್ಡು ಕೇಳುವುದಿಲ್ಲ ಎಂದಮಾತ್ರಕ್ಕೆ ಉಳಿದದ್ದನ್ನೂ ಅಗ್ಗದಲ್ಲಿ ಮುಗಿಸಲು ಹೊರಟದ್ದೇ ತಪ್ಪು.

ಮೊದಲು ಆ ಶಾಕಿನ ವಿಷಯ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಮೈಕಿನ ಜಾಲರಿ ಮಿಕ್ಸರಿನ ಅರ್ಥಿಂಗಿಗೆ ಸೇರಿರುತ್ತದೆ. ಎರಡೂ ಒಂದೇ ಬೋರ್ಡಿನಿಂದ, ಒಂದೇ ಅರ್ಥಿಂಗಿನಿಂದ ಬಂದಿದ್ದರೆ ನಡುವೆ ವೋಲ್ಟೇಜ್ ಇರುವುದಿಲ್ಲ. ಅಲ್ಲಿ ಆದದ್ದೇನೆಂದರೆ, ಆಂಪ್ಲಿಫೈಯರಿನ ತ್ರೀ ಪಿನ್ ಪ್ಲಗ್ ಕಿತ್ತು, ಬರೀ ಎರಡು ವೈರುಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಅರ್ಥಿಂಗಿನ ಹಸಿರು ವೈರು ಗಾಳಿಯಲ್ಲಿ ನೇತಾಡುತ್ತಿತ್ತು. ಆಮೇಲೆ ಆಂಪ್ಲಿಫೈಯರಿನಿಂದ ತಂತಿಗಳಿಗೆ ಸೋರಿದ ಕರೆಂಟು ಹೋಗುವುದಕ್ಕೆ ಉಳಿದಿದ್ದ ದಾರಿ ಗಾಯಕನ ಕೈಯಿಂದ ತುಟಿಗೆ. ಇದನ್ನು "ಸ್ವಲ್ಪ ಜುಮ್ ಅಂತದೆ ಅಷ್ಟೇ" ಎಂದು ತಳ್ಳಿಹಾಕಬೇಡಿ. 1972ರ ಮೇನಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜ್ ಮೇಲೆಯೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತರು.

ನೂರಿನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು, ಇದನ್ನು ಮೊದಲೇ ಹಿಡಿಯಬಹುದು. ಎ.ಸಿ. ವೋಲ್ಟೇಜಿಗೆ ಇಟ್ಟು ಒಂದು ತುದಿಯನ್ನು ಮೈಕಿನ ಜಾಲರಿಗೆ, ಇನ್ನೊಂದನ್ನು ಗಿಟಾರಿನ ತಂತಿಗೆ ಹಿಡಿಯಿರಿ. ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದರೆ ಯಾರೂ ಸ್ಟೇಜ್ ಹತ್ತುವಂತಿಲ್ಲ. ಹಾಗೆಯೇ ಬೋರ್ಡಿನಲ್ಲಿ ಫೇಸ್ (ಕರೆಂಟು ಬರುವ ವೈರು) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ವೈರು) ನಡುವೆ 220ರಿಂದ 240, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಸ್ಟೇಜಿನ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್) ಹಾಕದೆ ಕರೆಂಟು ಕೊಡಬೇಡಿ ಎಂದು ಕಡ್ಡಾಯವಾಗಿ ಹೇಳಿ. ಜನರೇಟರಿನ ಅರ್ಥ್ ಸರಳನ್ನು ಕಣ್ಣಾರೆ ನೋಡಿ. ಒಣಮಣ್ಣಿನಲ್ಲಿ ಒಂದಡಿ ಚುಚ್ಚಿದ್ದು ಲೆಕ್ಕಕ್ಕಿಲ್ಲ. ಆಳಕ್ಕೆ ಹೊಡೆದು ಸುತ್ತ ನೀರು ಹಾಕಿಸಿ.

ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬಂದಾಗ ಅರ್ಥ್ ಪಿನ್ ಕಿತ್ತುಹಾಕುವ ಚಾಳಿ ನಮ್ಮಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ಸದ್ದಿಗೆ ಮದ್ದು, ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್ ಎಂಬ ಚಿಕ್ಕ ಡಬ್ಬಿಯ ಗ್ರೌಂಡ್ ಲಿಫ್ಟ್ ಸ್ವಿಚ್. ಅದು ಆಡಿಯೋ ಕೇಬಲಿನ ಶೀಲ್ಡನ್ನು (ಒಳತಂತಿಯ ಸುತ್ತಲಿನ ಲೋಹದ ಹೊದಿಕೆಯನ್ನು) ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗನ್ನು ಮುಟ್ಟುವುದಿಲ್ಲ.

ಇನ್ನು ಮಿಕ್ಸರ್ ಸುಟ್ಟದ್ದು. ತ್ರೀ ಫೇಸ್ ಜನರೇಟರಿನಲ್ಲಿ ಲೈಟುಗಳು ಒಂದು ಫೇಸಿಗೆ, ಸೌಂಡ್ ಇನ್ನೊಂದಕ್ಕೆ. ನ್ಯೂಟ್ರಲ್ ವೈರಿನ ತುದಿಗೆ ಲಗ್ (ಲೋಹದ ಬಿಲ್ಲೆ) ಹಾಕಿ ಬೋಲ್ಟ್ ಮಾಡುವ ಬದಲು ಸುತ್ತಿ ಟೇಪ್ ಹಚ್ಚಿದ್ದರು. ಅದು ಸಡಿಲವಾದ ಕೂಡಲೇ ಎರಡೂ ಲೋಡುಗಳು ಎರಡು ಫೇಸುಗಳ 415 ವೋಲ್ಟಿನ ನಡುವೆ ಸಾಲಾಗಿ ನಿಂತವು. ಹೀಗಾದಾಗ ಹೆಚ್ಚು ಲೋಡ್ ಇರುವ ಕಡೆ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಲೋಡ್ ಇರುವ ಕಡೆ ಏರುತ್ತದೆ. ಲೈಟು ಮಂಕಾದದ್ದೂ ಕೀಬೋರ್ಡ್ ಸುಟ್ಟದ್ದೂ ಒಟ್ಟಿಗೇ ಆದದ್ದು ಅದಕ್ಕೇ. ಸೌಂಡಿಗೂ ಲೈಟಿಗೂ ಬೇರೆ ಬೇರೆ ಫೇಸ್ ಕೊಡುವುದು ಸರಿಯಾದ ಕ್ರಮವೇ, ಆದರೆ ನ್ಯೂಟ್ರಲ್ ಬಿಗಿಯಾಗಿದ್ದರೆ ಮಾತ್ರ. ಎಲೆಕ್ಟ್ರಿಷಿಯನ್ ಪ್ರತಿ ಬೋಲ್ಟನ್ನೂ ನಿಮ್ಮ ಕಣ್ಣೆದುರೇ ಬಿಗಿಯಲಿ, ಪೂರ್ತಿ ಲೋಡ್ ಹಾಕಿ ಹತ್ತು ನಿಮಿಷ ಓಡಿಸಿದ ಮೇಲೆ ಮತ್ತೊಮ್ಮೆ ಮೀಟರ್ ಹಿಡಿಯಲಿ.

ಜನರೇಟರಿನ ಅಳತೆಯನ್ನೂ ಲೆಕ್ಕ ಹಾಕಿ. 25 ಕೆವಿಎ ಎಂದರೆ ಕೈಗೆ ಸಿಗುವುದು ಸುಮಾರು 20 ಕಿಲೋವ್ಯಾಟ್. ಎಲ್‌ಇಡಿ ಲೈಟಾದರೆ ಧಾರಾಳ ಸಾಕು. ಹಳೇ ಸಾವಿರ ವ್ಯಾಟಿನ ಪಾರ್ ಲೈಟು (ಸ್ಟೇಜಿನ ಬಲ್ಬು ದೀಪ) ಹದಿನಾರು ತಂದರೆ ಅವೇ 16 ಕಿಲೋವ್ಯಾಟ್ ನುಂಗುತ್ತವೆ. ಡಿಜಿಟಲ್ ಮಿಕ್ಸರಿಗೆ ಒಂದು ಚಿಕ್ಕ ಯುಪಿಎಸ್ ಇರಲೇಬೇಕು. ಇಲ್ಲದಿದ್ದರೆ ಕರೆಂಟು ಒಂದು ಕ್ಷಣ ಹೋದರೂ ಮಿಕ್ಸರ್ ಮತ್ತೆ ಆನ್ ಆಗುವ ತನಕ ಸ್ಟೇಜು ಮೂಕ, ಸೇವ್ ಮಾಡದ ಸೆಟ್ಟಿಂಗ್ ಎಲ್ಲ ಮಾಯ.

ಸೌಂಡ್‌ನವರ ಕೊಟೇಶನ್‌ನಲ್ಲಿ "ಹದಿನೈದು ಸಾವಿರ ವ್ಯಾಟ್" ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಗಣೇಶನ ಮೆರವಣಿಗೆ, ಡಿಜೆ ಮಾಡುವವರ ಹತ್ತಿರ ದೊಡ್ಡ ಬೇಸ್ ಸ್ಪೀಕರ್ ಇರುತ್ತದೆ, ಆದರೆ ಸ್ಟೇಜ್ ಮಾನಿಟರ್ (ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್), ಡಿಐ ಬಾಕ್ಸ್, ಡ್ರಮ್ ಮೈಕ್ ಎಷ್ಟೋ ಸಲ ಇರುವುದಿಲ್ಲ. ರಾಕ್ ಬ್ಯಾಂಡಿಗೆ ಚಾನೆಲ್, ಅಂದರೆ ಮಿಕ್ಸರಿಗೆ ಬಂದು ಸೇರುವ ಲೈನು ಎಷ್ಟು ಬೇಕೆಂದು ಎಣಿಸಿ: ಡ್ರಮ್ಸಿಗೆ ಆರು, ಬೇಸ್ ಗಿಟಾರ್ ಒಂದು, ಗಿಟಾರ್ ಎರಡು, ಕೀಬೋರ್ಡಿಗೆ ಎರಡು, ಅಕೂಸ್ಟಿಕ್ ಗಿಟಾರ್ ಒಂದು, ಹಾಡಲು ನಾಲ್ಕು. ಅಲ್ಲಿಗೆ ಹದಿನಾರು ತುಂಬಿತು. ನಿರೂಪಕರ ಮೈಕ್, ಲ್ಯಾಪ್‌ಟಾಪ್, ಒಂದು ಕೊಳಲು ಬಂದರೆ ಜಾಗವಿಲ್ಲ. 24 ಚಾನೆಲ್ ಕೇಳಿ. ಮಾನಿಟರ್ ಕನಿಷ್ಠ ನಾಲ್ಕು, ಒಂದೊಂದಕ್ಕೂ ಬೇರೆ ಮಿಕ್ಸ್. ಡ್ರಮ್ಮರಿಗೆ ಬೇಸ್ ಕೇಳಿಸದಿದ್ದರೆ ಇಡೀ ಬ್ಯಾಂಡ್ ತಾಳ ತಪ್ಪುತ್ತದೆ, ಕೇಳುವವರು ಹುಡುಗರಿಗೆ ಪ್ರಾಕ್ಟೀಸ್ ಇಲ್ಲ ಅಂದುಕೊಳ್ಳುತ್ತಾರೆ. ಪಾಪ, ತಪ್ಪು ಅವರದಲ್ಲ.

ಸಮಯದ ಲೆಕ್ಕ ಹೀಗೆ. ಏಳು ಬ್ಯಾಂಡ್, ಒಂದಕ್ಕೆ 20 ನಿಮಿಷ, ನಡುವೆ ಬದಲಾವಣೆಗೆ 15 ನಿಮಿಷ. ಒಟ್ಟು 230 ನಿಮಿಷ. ಐದಕ್ಕೆ ಶುರುವಾದರೆ 8.50ಕ್ಕೆ ಮುಗಿಯಬೇಕು, ಒಂದು ಗಂಟೆ ತಡವಾದರೂ ಹತ್ತರೊಳಗೆ ಆಗುತ್ತದೆ. ಆರೂವರೆಗೆ ಶುರುಮಾಡಿದರೆ ಯಾರೂ ಕಾಪಾಡಲಾರರು. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಹಗಲಲ್ಲೂ ಲಿಖಿತ ಅನುಮತಿ ಬೇಕು, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಸಾರ್ವಜನಿಕ ಜಾಗವಾದರೆ ಅದರ ಅಂಚಿನಲ್ಲಿ ಸದ್ದು, ಸುತ್ತಲಿನ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55, ಆದ್ದರಿಂದ ಲೆಕ್ಕ 65ಕ್ಕೆ ನಿಲ್ಲುತ್ತದೆ. ಸ್ಪೀಕರುಗಳನ್ನು ಮನೆಗಳ ಕಡೆಗಲ್ಲ, ಮೈದಾನದ ಒಳಕ್ಕೆ ತಿರುಗಿಸಿ, ಮುಂದೆ ಹತ್ತು ಹನ್ನೆರಡು ಅಡಿ ಬಿಟ್ಟು ಬೇಲಿ ಕಟ್ಟಿ. ಮಕ್ಕಳು ಬೇಸ್ ಸ್ಪೀಕರಿನ ಮೇಲೆಯೇ ಹೋಗಿ ಕೂರುತ್ತಾರೆ, 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಕಾಲು ಗಂಟೆಯೇ ಹೆಚ್ಚು.

ಬದಲಾವಣೆ 15 ನಿಮಿಷದಲ್ಲಿ ಆಗಬೇಕಾದರೆ ಡ್ರಮ್ ಸೆಟ್ಟೂ ಆಂಪ್ಲಿಫೈಯರುಗಳೂ ಎಲ್ಲರಿಗೂ ಒಂದೇ. ಡ್ರಮ್ಮರುಗಳು ಸ್ನೇರ್, ಸಿಂಬಲ್, ಕಿಕ್ ಪೆಡಲ್ ಮಾತ್ರ ತಮ್ಮದು ತರಲಿ. ಸೌಂಡ್ ಚೆಕ್ ಉಲ್ಟಾ ಕ್ರಮದಲ್ಲಿ: ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಮೊದಲನೆಯವರ ಸೆಟ್ ಸ್ಟೇಜಿನ ಮೇಲೇ ಉಳಿಯುತ್ತದೆ. ಒಬ್ಬನೇ ಡ್ರಮ್ಮರ್ ಮೂರು ಬ್ಯಾಂಡಿನಲ್ಲಿ ಇರುವುದು ಸಾಮಾನ್ಯ, ಆ ಮೂರನ್ನು ಸಾಲಾಗಿ ಇಟ್ಟರೆ ಅವನ ಕೈ ಬೀಳುತ್ತದೆ. ಸನ್ಮಾನ, ಭಾಷಣಗಳನ್ನು ಸ್ಟೇಜಿನ ಕೆಳಗೆ ಬೇರೆ ಮೈಕಿನಲ್ಲಿ ಬದಲಾವಣೆಯ ಹೊತ್ತಿಗೇ ಮುಗಿಸಿ. ಸ್ಟೇಜಿನ ಬಳಿ ಒಬ್ಬರ ಮಾತು ಮಾತ್ರ ನಡೆಯಬೇಕು, ಅವರ ಕೈಯಲ್ಲಿ ಗಡಿಯಾರ ಇರಬೇಕು, ಅವರು ಅಂದು ಯಾವ ಬ್ಯಾಂಡಿನಲ್ಲೂ ನುಡಿಸಬಾರದು.

ಟಿಕೆಟ್ ಇಡುವ ಮುಂಚೆಯೂ ಯೋಚಿಸಿ. ಹವ್ಯಾಸಿ ಸಂಘದವರು ಹಣ ಕೊಡದ ಪ್ರೇಕ್ಷಕರ ಮುಂದೆ ಬೇರೆಯವರ ಹಾಡು ಹಾಡಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟರೆ ಆ ರಕ್ಷಣೆ ಹೋಯಿತು, ಹಾಡುಗಳ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಿಂದ ಲೈಸೆನ್ಸ್ ತೆಗೆಸಬೇಕು.

ಸೌಂಡ್‌ನವರಿಗೆ ಅಡ್ವಾನ್ಸ್ ಕಾಲು ಭಾಗ ಕೊಡಿ, ಅರ್ಧ ಹಣ ಸಾಮಾನೆಲ್ಲ ಬಂದು ಪರೀಕ್ಷೆ ಆದ ಮೇಲೆ, ಉಳಿದದ್ದು ಕಾರ್ಯಕ್ರಮ ಮುಗಿದ ಮೇಲೆ. ಆ ಬಡಾವಣೆಯಲ್ಲಿ ಪೂರ್ತಿ ಹಣ ಮೊದಲೇ ಹೋಗಿತ್ತು, ಹಾಗಾಗಿ ಕೀಬೋರ್ಡ್ ಸುಟ್ಟಾಗ ಕೇಳಲು ಯಾವ ಹಿಡಿತವೂ ಇರಲಿಲ್ಲ. ಪುಕ್ಕಟೆ ನುಡಿಸಲು ಬಂದ ಹುಡುಗಿ ತನ್ನ ಕೀಬೋರ್ಡಿನ ರಿಪೇರಿಗೆ ತಾನೇ ದುಡ್ಡು ಹಾಕಬೇಕಾಯಿತು. ವಿದ್ಯುತ್ ದೋಷದಿಂದ ಕಲಾವಿದರ ವಾದ್ಯ ಹಾಳಾದರೆ ಖರ್ಚು ಸೌಂಡ್ ಮತ್ತು ಜನರೇಟರಿನವರದು ಎಂದು ಕೊಟೇಶನ್‌ನಲ್ಲೇ ಬರೆಸಿ. ಅವರು ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.