ಟೇಕ್ ಆಫ್ ಮತ್ತು ಅದರ ಬಳಗ: ಒಂದು ಅಭ್ಯಾಸ ಪುಸ್ತಕದ ಪರಿಶೀಲನೆ

ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಹೊರತಂದಿರುವ ‘ಇಂಗ್ಲಿಷ್ ಫ್ರೇಸಲ್ ವರ್ಬ್ಸ್ ಇನ್ ಯೂಸ್’ ಪುಸ್ತಕದ ಮಧ್ಯಮ ಹಂತದ ಸಂಪುಟ ಮೊದಲು ಪ್ರಕಟವಾದದ್ದು 2004ರಲ್ಲಿ. ಮೈಕೆಲ್ ಮೆಕಾರ್ಥಿ ಮತ್ತು ಫೆಲಿಸಿಟಿ ಒ’ಡೆಲ್ ಬರೆದಿರುವ ಇದರಲ್ಲಿ 70 ಪಾಠಗಳಿವೆ. ಫ್ರೇಸಲ್ ವರ್ಬ್ ಎಂದರೆ ಕ್ರಿಯಾಪದದ ಜೊತೆ ಅಪ್, ಆಫ್‌ನಂಥ ಪುಟ್ಟ ಪದ ಸೇರಿ, ಹಲವು ಸಲ ಬೇರೆಯೇ ಅರ್ಥ ಕೊಡುವ ಜೋಡಿ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ, ಪುಸ್ತಕದ ಕೊನೆಯಲ್ಲಿ ಉತ್ತರ ಇರುವುದರಿಂದ ತಾವಾಗಿಯೇ ಕಲಿಯುವವರಿಗೆ ಅನುಕೂಲ.

ಪುಸ್ತಕದ ಬಲವಿರುವುದು ವಿಂಗಡಣೆಯಲ್ಲಿ. ಅಕಾರಾದಿಯಾಗಿ ಸಾಗದೆ, ಗೋ, ಟೇಕ್, ಪುಟ್ ಮುಂತಾದ ಕ್ರಿಯಾಪದಗಳಿಗೆ ಕೆಲವು ಪಾಠಗಳನ್ನೂ ಅಪ್, ಔಟ್, ಆಫ್‌ನಂಥ ಪುಟ್ಟ ಪದಗಳಿಗೆ ಬೇರೆ ಪಾಠಗಳನ್ನೂ ಮೀಸಲಿಟ್ಟಿದ್ದಾರೆ. ಇದರ ಪ್ರಯೋಜನ ತಿಳಿಯಲು ‘ಟೇಕ್ ಆಫ್’ ಒಂದೇ ಸಾಕು. ನಮ್ಮಲ್ಲಿ ಹೆಚ್ಚಿನವರಿಗೆ ಅದು ವಿಮಾನ ಮೇಲೇರುವ ಮಾತು. ಆದರೆ ಶೂ ಬಿಚ್ಚುವುದಕ್ಕೂ, ಕೆಲಸಕ್ಕೆ ಒಂದು ದಿನ ರಜೆ ಹಾಕುವುದಕ್ಕೂ, ಬಿಲ್ಲಿನಲ್ಲಿ ಹತ್ತು ರೂಪಾಯಿ ಬಿಡುವುದಕ್ಕೂ, ಹೊಸ ವ್ಯಾಪಾರ ಏಕಾಏಕಿ ಕುದುರುವುದಕ್ಕೂ, ಯಾರನ್ನಾದರೂ ಅಣಕಿಸಿ ನಟಿಸುವುದಕ್ಕೂ ಅದೇ ಬಳಕೆಯಿದೆ. ‘ಆಫ್’ ಎಂದರೆ ಇದ್ದ ಕಡೆಯಿಂದ ಬೇರೆಯಾಗುವುದು ಎಂದು ಹಿಡಿದರೆ ನೆಲ ಬಿಟ್ಟ ವಿಮಾನ, ಕಾಲು ಬಿಟ್ಟ ಶೂ, ಮೊತ್ತದಿಂದ ಕಳೆದ ಹತ್ತು ರೂಪಾಯಿ ಒಂದೇ ಸಾಲಿಗೆ ಬರುತ್ತವೆ. ಅಣಕಿಸುವ ಅರ್ಥ ಮಾತ್ರ ಈ ಲೆಕ್ಕಕ್ಕೆ ಸಿಗದು, ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು. (ನಾವೂ ‘ಹೇಳಿಕೊಡು’ ಎಂದಾಗ ಏನನ್ನೂ ಕೈಗೆ ಕೊಡುವುದಿಲ್ಲವಷ್ಟೆ.)

ಪದಗಳ ಸ್ಥಾನದ ಬಗ್ಗೆ ಆರಂಭದ ವ್ಯಾಕರಣ ಪಾಠಗಳು ಕೊಡುವ ಎಚ್ಚರಿಕೆಯನ್ನು ದಾಟಿಸಿ ಓದಬಾರದು. ‘ಟೇಕ್ ಆಫ್ ಯುವರ್ ಶೂಸ್’, ‘ಟೇಕ್ ಯುವರ್ ಶೂಸ್ ಆಫ್’ ಎರಡೂ ಸರಿ. ಶೂ ಬದಲು ಸರ್ವನಾಮ ಬಂದರೆ ‘ಟೇಕ್ ದೆಮ್ ಆಫ್’ ಮಾತ್ರ ಸರಿ. ವಿಮಾನದ ಅರ್ಥದಲ್ಲಾದರೋ ಕರ್ಮಪದವೇ ಬೇಡ, ‘ದ ಪ್ಲೇನ್ ಟುಕ್ ಆಫ್’ ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಎಡವುವುದು ಇಲ್ಲಿಯೇ.

ಕೊರತೆಯೂ ಇದೆ. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಪಿಯುಸಿ ಸೇರಿದವರಿಗೆ ಎಡಪುಟವೇ ಒಂದು ಪರೀಕ್ಷೆಯಾದೀತು. ಅಂಥವರು ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು. ಬಿಟ್ಟ ಸ್ಥಳ ತುಂಬುವಂಥ ಅಭ್ಯಾಸಗಳಿಂದ ಗುರುತಿಸುವ ಶಕ್ತಿ ಬೆಳೆಯುತ್ತದೆ, ಮಾತಿನಲ್ಲಿ ಬಳಸುವ ಧೈರ್ಯ ಅಷ್ಟಾಗಿ ಬೆಳೆಯದು. ಆದ್ದರಿಂದ ಪ್ರತಿ ಪಾಠದ ನಂತರ ಸ್ವಂತ ವಾಕ್ಯಗಳನ್ನು ಬರೆದುಕೊಳ್ಳಬೇಕು. 2007ರಲ್ಲಿ ಬಂದ ಮುಂದುವರಿದ ಹಂತದ ಸಂಪುಟವನ್ನು, ಇದು ಮುಗಿಯುವ ಮುನ್ನ ಕೊಳ್ಳುವ ಅಗತ್ಯವಿಲ್ಲ.